ಕಾಕಿಯ ಆಧಾರ್, ಮಿಯಾಪುರದ ಗೇಟು

ನಮ್ಮ ಪಸ್ತಾಪುರದ ಮೆಟ್ರೋ ಸ್ಟೇಷನ್ ಹೈದರಾಬಾದಿನ ಮಿಯಾಪುರದಲ್ಲಿದೆ. ನಡುವೆ ಬರೀ ತೊಂಬತ್ತು ಕಿಲೋಮೀಟರಿನಷ್ಟು ದಾರಿ. ನಮ್ಮ ಪಕ್ಕದ ಜಹೀರಾಬಾದಿನಿಂದ ಹೊರಟ ಬಸ್ಸು ಸದಾಶಿವಪೇಟೆ, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬಂದು ತಲೆಯ ಮೇಲೆ ರೈಲು ಕಂಡಿತೆಂದರೆ ನಮ್ಮವರೆಲ್ಲ ಎದ್ದು ಗಂಟು ಎತ್ತಿಕೊಳ್ಳುತ್ತಾರೆ. 2017ರ ನವೆಂಬರಿಗೆ ಮುಂಚೆ ಈ ಭಾಗ್ಯ ಇರಲಿಲ್ಲ. ಕೂಕಟಪಲ್ಲಿಯ ಟ್ರಾಫಿಕ್ಕಿನಲ್ಲಿ ಒಂದು ನಿದ್ದೆ ತೆಗೆದು, ಎದ್ದು, ಇನ್ನೂ ಕೂಕಟಪಲ್ಲಿಯಲ್ಲೇ ಇದ್ದೇವೆಂದು ತಿಳಿದು ಮತ್ತೆ ಮಲಗುತ್ತಿದ್ದೆವು.

ಈಚೆಗೆ ಮಿಯಾಪುರದಲ್ಲಿ ಇಳಿಯುವವರಲ್ಲಿ ಹೆಂಗಸರೇ ಹೆಚ್ಚು. ಕಾರಣ ಎಲ್ಲರಿಗೂ ಗೊತ್ತು. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಹೆಂಗಸರಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗಂತ ಟಿಕೆಟ್ ಇಲ್ಲವೆಂದಲ್ಲ. ಕಂಡಕ್ಟರ್ ಹರಿದು ಕೊಡುತ್ತಾನೆ, ಅದರ ಮೇಲೆ ಸೊನ್ನೆ ಇರುತ್ತದೆ. ನಮ್ಮ ಕಾಕಿ ಆ ಜೀರೋ ಟಿಕೆಟನ್ನು ಮಡಚಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಳ್ಳುತ್ತಾಳೆ. ಎಸೆದರೆ ಸರ್ಕಾರ ಮನಸ್ಸು ಬದಲಿಸೀತು ಎಂಬ ಭಯ.

ಈ ಸೊನ್ನೆ ನಮ್ಮ ಸೀಮೆಯ ಭೂಗೋಳವನ್ನೇ ತಿರುವಿ ಹಾಕಿದೆ. ಮೊದಲು ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗಾದ್ದು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಆಂಧ್ರಕ್ಕೆ ಬಂದೆವು. ಬೀಗತನ ಮಾತ್ರ ಯಾವ ರಾಜ್ಯಕ್ಕೂ ಹೋಗದೆ ಗಡಿಯ ಮೇಲೇ ಕೂತಿತು. ಕಾಕಿಯ ತವರು ಹುಮನಾಬಾದ್ ಹತ್ತಿರ. ಅತ್ತ ಹೊರಟರೆ ತೆಲಂಗಾಣದ ಸೊನ್ನೆ ಗಡಿಯಲ್ಲಿ ಮುಗಿಯುತ್ತದೆ. ಕರ್ನಾಟಕದ ಶಕ್ತಿ ಯೋಜನೆ ಇನ್ನೂ ಹಳೆಯದು, 2023ರ ಜೂನ್ 11ರದು. ಆದರೆ ಅದಕ್ಕೆ ಕರ್ನಾಟಕದ ವಿಳಾಸ ಬೇಕು. ಹೀಗಾಗಿ ಕಾಕಿಯ ಅತ್ತಿಗೆ ಹುಮನಾಬಾದಿನಿಂದ ಧರ್ಮಸ್ಥಳದ ತನಕ ಬೇಕಾದರೂ ಪುಕ್ಕಟೆ ಹೋದಾಳು, ನಾದಿನಿಯ ಮನೆಗೆ ಬರಬೇಕೆಂದರೆ ರೊಕ್ಕ ಬಿಚ್ಚಬೇಕು. ಇವಳದೂ ಅದೇ ಪಾಡು. ಅತ್ತಿಗೆ ನಾದಿನಿಯರ ಜಗಳ ಈಗ ಫೋನಿನಲ್ಲೇ ನಡೆಯುತ್ತದೆ.

ತವರಿಗೆ ಹೋಗುವುದು ಕಡಿಮೆಯಾದಷ್ಟೂ ಅಮೀರ್‌ಪೇಟೆಗೆ ಹೋಗುವುದು ಹೆಚ್ಚಾಯಿತು. ಮೊಮ್ಮಗ ಅಲ್ಲಿ ಹಾಸ್ಟೆಲಿನಲ್ಲಿದ್ದಾನೆ. ಅಮೀರ್‌ಪೇಟೆಯ ಗಲ್ಲಿಗಳಲ್ಲಿ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಅವುಗಳಲ್ಲಿ ಒಂದರ ಕೆಳಗೆ ಅವನು ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ. ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನ. ಅನ್ನ ತಿಂದು ಸಾಫ್ಟ್‌ವೇರ್ ಬರುವುದಿಲ್ಲ ಎಂಬುದು ಕಾಕಿಯ ಸಿದ್ಧಾಂತ. ಸಿರಿಧಾನ್ಯದ ಜಾತ್ರೆ ಮಾಡಿ ಹೆಸರಾದ ಪಸ್ತಾಪುರದವಳು, ಇಷ್ಟು ಹೇಳುವ ಹಕ್ಕು ಅವಳಿಗಿದೆ. ಅದಕ್ಕೇ ಒಂದು ಗಂಟು ಜೋಳದ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಜೊತೆಗೆ ಯಾಕೆಂದು ಯಾರೂ ಕೇಳಬಾರದಷ್ಟು ಹಸಿ ಶುಂಠಿ.

ಎಸ್ಕಲೇಟರ್ ಕಂಡು ಹಳ್ಳಿಯವರು ಬೆದರುವ ಕಥೆಯನ್ನು ಪೇಟೆಯವರು ಬರೆದು ಮುಗಿಸಿದ್ದಾರೆ. ಕಾಕಿ ಬೆದರಲಿಲ್ಲ, ಅದರ ಮೇಲೆ ನಿಂತು ಸೆರಗು ಸರಿಮಾಡಿಕೊಂಡಳು. ಅವಳಿಗೆ ರುಚಿಸಿದ್ದು ಬ್ಯಾಗ್ ತಪಾಸಣೆಯ ಯಂತ್ರ. ಅದರ ಪರದೆಯಲ್ಲಿ ತಿನ್ನುವ ಪದಾರ್ಥವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಬ್ಬಿಣ ಸ್ಟೀಲು ನೀಲಿಯಾಗುತ್ತದೆ. ಕಾಕಿಯ ಗಂಟು ಒಳಗೆ ಹೋದಾಗ ಪರದೆ ತುಂಬ ಕಿತ್ತಳೆ. ರೊಟ್ಟಿಯ ಅಟ್ಟಿ ದುಂಡಗೆ, ಹಿಂಡಿ ಡಬ್ಬಿಯೊಳಗೆ ಮೋಡದ ಹಾಗೆ, ಶುಂಠಿ ಬೆರಳು ಬೆರಳಾಗಿ. ನಡುವೆ ನೀಲಿಯ ಒಂದು ಚರಿಗೆ. ಕಾವಲಿನ ಹುಡುಗ ಬೆರಳಾಕಾರ ನೋಡಿ, "ಯೇ ಕ್ಯಾ ಹೈ ಅಮ್ಮಾ?" ಅಂದ. "ಅದ್ರಕ್, ಬೇಟಾ. ತೂ ಭೀ ಲೇ," ಎಂದು ಒಂದು ತುಂಡು ಮುರಿದೇ ಕೊಟ್ಟಳು. ಅವನು ನಕ್ಕು, ಬೇಡವೆಂದು ಕೈಯಾಡಿಸಿದ.

ಗೇಟಿನ ಹತ್ತಿರ ಆಧಾರ್ ಕಾರ್ಡ್ ತೆಗೆದಳು. ಬಸ್ಸಿನಲ್ಲಿ ಅದೇ ಅಲ್ಲವೇ ಟಿಕೆಟ್ಟು! ಕಾರ್ಡನ್ನು ಗೇಟಿನ ಕಣ್ಣಿಗೆ ಒತ್ತಿ ಹಿಡಿದಳು. ಮೊದಲು ಫೋಟೋ ಇದ್ದ ಮಗ್ಗಲು, ಆಮೇಲೆ ವಿಳಾಸ ಇದ್ದ ಮಗ್ಗಲು. ಗೇಟು ಅಲುಗಲಿಲ್ಲ. ಹಿಂದೆ ಸಾಲು ಬೆಳೆಯಿತು.

"ಕಾಕಿ, ಇದಕ್ಕ ಟಿಕೆಟ್ ತಗೋಬೇಕು."

"ಜಹೀರಾಬಾದ್‌ಲಿಂದ ಇಲ್ಲಿತನಾ ಪುಕ್ಕಟ ಬಂದೀನಿ. ಅಮೀರ್‌ಪೇಟ ಇಲ್ಲೇ ಅದ. ಇದಕ್ಕ ರೊಕ್ಕ ಯಾಕ?"

"ಇದು ಸರ್ಕಾರದ್ದಲ್ಲ ಕಾಕಿ, ಕಂಪನಿದು."

ಆ ಹೊತ್ತಿಗೆ ಈ ಉತ್ತರ ಸಾಕಾಯಿತು. ಕಂಪನಿಯವರ ಕೂಡ ವಾದ ಮಾಡಬಾರದೆಂದು ಅವಳಿಗೂ ಗೊತ್ತು. ನಾನು ಟಿಕೆಟ್ ತಂದೆ, ರೈಲು ಹತ್ತಿದೆವು. ಮೂರೇ ಡಬ್ಬಿ ಕಂಡು, ಬೀದರ್ ಗಾಡಿಯ ಮುಂದೆ ಇದು ಏನೂ ಅಲ್ಲವೆಂದು ತೀರ್ಪು ಕೊಟ್ಟಳು. ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ ಕೇಳಿ, "ಈಕಿ ಯಾ ಊರಾಕಿ ಇರಬೇಕು?" ಎಂದು ಕೇಳಿದಳು. ನಮ್ಮ ಪಕ್ಕದ ಮಾಚನೂರಿನಲ್ಲಿ 2008ರಿಂದ ಸಂಗಂ ರೇಡಿಯೋ ಇದೆ. ಅದರಲ್ಲಿ ಮಾತಾಡುವವರೆಲ್ಲ ಸುತ್ತಲ ಹಳ್ಳಿಯ ಹೆಂಗಸರೇ. ಊರಿಲ್ಲದ ದನಿ ಇರುತ್ತದೆಂದು ಅವಳಿಗೆ ಹೇಗೆ ತಿಳಿಯಬೇಕು? ಯಾರ ಮನೆಯವಳೆಂದು ಗೊತ್ತಾಗದೆ ಆ ದನಿಯವಳ ಮಾತು ಕೇಳಿ ಇಳಿಯಲಾಗದೆಂದು ಪಕ್ಕದವಳನ್ನು ಕೇಳಿಯೇ ಇಳಿದಳು.

ನನ್ನ ಕಂಪನಿಯ ಉತ್ತರ ಹೆಚ್ಚು ದಿನ ಬಾಳಲಿಲ್ಲ. 2025ರ ಮೇ ತಿಂಗಳಲ್ಲಿ ಮೆಟ್ರೋ ದರ ಏರಿತು. ಅದನ್ನು ಕಂಪನಿಯ ತಲೆಗೆ ಕಟ್ಟಿ ಪಾರಾದೆ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೇ ಮೆಟ್ರೋವನ್ನು ಎಲ್ ಅಂಡ್ ಟಿಯಿಂದ ತನ್ನ ಕೈಗೆ ತೆಗೆದುಕೊಳ್ಳುತ್ತೇನೆ ಎಂದಿತು. ಆ ಸುದ್ದಿ ಕಾಕಿಗೆ ನನಗಿಂತ ಮೊದಲೇ ಮುಟ್ಟಿತ್ತು. "ಈಗ ಸರ್ಕಾರದ್ದೇ ಆಗ್ಲತ್ತದಂತಲ್ಲ ತಮ್ಮಾ. ಮತ್ತ ಆಧಾರ್ ಯಾವಾಗ ನಡೀತದ?" ನನ್ನಲ್ಲಿ ಉತ್ತರವಿರಲಿಲ್ಲ. ಅರ್ಥಶಾಸ್ತ್ರ ಓದಿದವರು ಯಾರಾದರೂ ಪಸ್ತಾಪುರಕ್ಕೆ ಬಂದು ಹೇಳಬೇಕು. ರೊಟ್ಟಿ ಕಾಕಿ ಹಾಕುತ್ತಾಳೆ.

ಮಾತು ತಿರುಗಿಸಲು ನಾನು ಎರಡನೇ ಹಂತದ ಸುದ್ದಿ ತೆಗೆದೆ. ಮಿಯಾಪುರದಿಂದ ಪಟಾನ್‌ಚೆರುವಿನ ತನಕ 13.4 ಕಿಲೋಮೀಟರ್ ಮೆಟ್ರೋ ಎಳೆಯುವ ಪ್ರಸ್ತಾವವಿದೆ, ಅದು ಆದರೆ ರೈಲು ನಮ್ಮ ಕಡೆಗೆ ಅಷ್ಟು ಹತ್ತಿರ ಬಂದ ಹಾಗೆ ಎಂದು ಹೇಳಿದೆ. ಜಹೀರಾಬಾದಿನ ಅಂಗಡಿಕಟ್ಟೆಯಲ್ಲಿ ಈ ಮಾತು ಬಂದರೆ ಚಹಾ ಇನ್ನೊಂದು ಕಪ್ಪು ಬರುತ್ತದೆ. ಕಾಕಿಯ ಮುಖ ಗಂಟಿಕ್ಕಿತು.

"ಬ್ಯಾಡ ಅನ್ನು ಅವರಿಗಿ."

"ಯಾಕ ಕಾಕಿ?"

"ರೈಲು ಪಟಾನ್‌ಚೆರುಕ ಬಂದ್ರ ಬಸ್ಸು ಅಲ್ಲೇ ನಿಂದ್ರಸ್ತಾರ. ಪುಕ್ಕಟ ಹೋಗೋ ದಾರಿ ಅಷ್ಟು ಕಮ್ಮಿ ಆಯ್ತು, ರೊಕ್ಕ ಕೊಡೋ ದಾರಿ ಅಷ್ಟು ಉದ್ದಾಯ್ತು. ಅದಕಿಂತ ಇದ್ದ ರೈಲು ಮಿಯಾಪುರದಾಗೇ ಇರ್ಲಿ, ಬಸ್ಸೇ ಅಮೀರ್‌ಪೇಟದ ತನಾ ಬಿಡಂತ ಹೇಳು."

ಬಸ್ಸು ಹೇಗೂ ಅಮೀರ್‌ಪೇಟೆಯ ಮೇಲೆಯೇ ಹೋಗುತ್ತದೆಯಲ್ಲ ಕಾಕಿ, ನೀನೇ ಮಿಯಾಪುರದಲ್ಲಿ ಇಳಿಯುವವಳು ಎಂದೆ.

"ಕೂಕಟಪಲ್ಲಿ ಟ್ರಾಫಿಕ್ಕಿನ್ಯಾಗ ಯಾರು ಕೂಡತಾರ?" ಅಂದಳು.