ಬಾಟಲಿ ವಾಪಸ್ ಬರುವಷ್ಟು ದೂರ

ಅಲ್ರೀ, ನಿಮ್ಮ ಮಗ ಮಧುರೆಯಿಂದ ತಂದಿದ್ದ ಬೊವೊಂಟೊ ಖಾಲಿ ಆಯ್ತಾ? ಬಣ್ಣ ನೋಡಿ ಕೋಲಾ ಅಂತ ಬಾಯಿಗಿಟ್ಟರೆ ನಾಲಗೆಗೆ ದ್ರಾಕ್ಷಿ ಸಿಗುತ್ತೆ, ಅದೇ ಅದರ ಚಂದ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆ ಇದೆ, ಹೇಳಬೇಕು ನಿಮಗೆ. ಒಲೆ ಮೇಲೆ ಹಾಲಿದೆಯಾ? ಇಳಿಸಿ ಬನ್ನಿ, ನಾನೆಲ್ಲಿಗೂ ಹೋಗಲ್ಲ.

ವಿರುದುನಗರ ಕೇಳಿದ್ದೀರಲ್ಲ, ಕಾಮರಾಜರ ಊರು. ಮಧುರೆಯಿಂದ ದಕ್ಷಿಣಕ್ಕೆ, ಮಳೆ ಕಡಿಮೆ, ಬಿಸಿಲು ಜಾಸ್ತಿ, ವ್ಯಾಪಾರವೇ ಉಸಿರು. ಆಗ ವಿರುದುಪಟ್ಟಿ ಅನ್ನುತ್ತಿದ್ದರು. ಅಲ್ಲಿ 1916ರಲ್ಲಿ, ಯುರೋಪಿನಲ್ಲಿ ಮೊದಲನೇ ಮಹಾಯುದ್ಧ ನಡೀತಿರುವಾಗ, ಪಿ.ವಿ.ಎಸ್.ಕೆ. ಪಳನಿಯಪ್ಪ ನಾಡಾರ್ ಅನ್ನುವವರು ಒಂದು ಸೋಡಾ ಕಾರ್ಖಾನೆ ಶುರು ಮಾಡಿದರು. ಕಾಳಿಮಾರ್ಕ್ ಅಂತ ಹೆಸರು, ಬೊವೊಂಟೊ ಅವರದೇ. ಕಾರ್ಖಾನೆ ಅಂದಾಕ್ಷಣ ಚಿಮಣಿ, ಸೈರನ್ ಅಂದುಕೊಳ್ಳಬೇಡಿ. ಆ ಕಾಲದ ಸೋಡಾ ಕಾರ್ಖಾನೆ ಅಂದರೆ ಒಂದು ಕೋಣೆ, ಒಂದು ಕೈಯಂತ್ರ, ಒಳ್ಳೆಯ ನೀರಿನ ಬಾವಿ, ರಾಶಿ ಬಾಟಲಿ.

ಬಾಟಲಿ ಅಂದೆನಲ್ಲ, ಇಡೀ ವಿಷಯ ಇರೋದೇ ಅಲ್ಲಿ. ನೀರಿಗೆ ಗ್ಯಾಸ್ ತುಂಬೋದು ದೊಡ್ಡ ಗುಟ್ಟಲ್ಲ. ಜೋಸೆಫ್ ಪ್ರೀಸ್ಟ್ಲಿ 1767ರಲ್ಲೇ ಲೀಡ್ಸ್ ಊರಿನ ಬಿಯರ್ ಭಟ್ಟಿಯ ತೊಟ್ಟಿ ಮೇಲೆ ನೀರು ಹಿಡಿದು, ಅಲ್ಲಿ ಏಳುತ್ತಿದ್ದ ಅನಿಲ ನೀರಿಗಿಳಿಯೋದನ್ನ ಕಂಡುಕೊಂಡಿದ್ದ. ಕಷ್ಟ ಇರೋದು ಒಳಗೆ ಹೋದ ಗ್ಯಾಸನ್ನು ಹಿಡಿದಿಡೋದರಲ್ಲಿ. ಬಿರಡೆ ಹಾಕಿದರೆ ಒಣಗಿ ಸಡಿಲಾಗುತ್ತೆ, ಗ್ಯಾಸ್ ಸೋರಿಹೋಗುತ್ತೆ. ಅದಕ್ಕೇ ಇಂಗ್ಲೆಂಡಿನಲ್ಲಿ ತಳ ದುಂಡಗಿರುವ, ನಿಲ್ಲಿಸೋಕೇ ಆಗದ ಬಾಟಲಿ ಮಾಡಿದ್ದರು. ಮಲಗಿಸಿಟ್ಟರೆ ಬಿರಡೆ ಯಾವಾಗಲೂ ಒದ್ದೆ ಇರುತ್ತಲ್ಲ!

ಆಮೇಲೆ ಬಂದ ನೋಡಿ ಹೈರಮ್ ಕಾಡ್. 1872ರಲ್ಲಿ ಅವನ ಗೋಲಿ ಬಾಟಲಿಗೆ ಪೇಟೆಂಟ್ ಸಿಕ್ಕಿತು. ಕುತ್ತಿಗೆಯೊಳಗೆ ಒಂದು ಗಾಜಿನ ಗೋಲಿ, ಬಾಯಿಗೊಂದು ರಬ್ಬರ್ ಉಂಗುರ, ಅಷ್ಟೇ. ಯಂತ್ರದ ಕಬ್ಬಿಣದ ಪಂಜರಕ್ಕೆ ಬಾಟಲಿ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಹಿಡಿ ತಿರುಗಿಸಿದರೆ ಬಾಟಲಿ ತಲೆಕೆಳಗಾಗುತ್ತೆ. ಗೋಲಿ ಉರುಳಿ ಬಾಯಿಗೆ ಬಂದು ಕೂರುತ್ತೆ. ಒಳಗಿನ ಒತ್ತಡವೇ ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತೆ. ಹೊರಗೆ ಬರೋಕೆ ಹೊರಟ ಗ್ಯಾಸೇ ಬಾಗಿಲಿಗೆ ಬೀಗ ಹಾಕೋದು! ಯೋಚನೆ ಮಾಡಿದಷ್ಟೂ ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತೆ. ಕುಡಿಯುವಾಗ ಗೋಲಿ ಅಡ್ಡ ಬರದ ಹಾಗೆ ಕುತ್ತಿಗೆಯಲ್ಲಿ ಎರಡು ತಗ್ಗು ಬೇರೆ ಮಾಡಿಟ್ಟಿದ್ದಾನೆ. ಬಾಟಲಿ ಸರಿಯಾಗಿ ತಿರುಗಿಸಿ ಹಿಡಿದರೆ ಗೋಲಿ ಅಲ್ಲಿ ನಿಲ್ಲುತ್ತೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿತ್ತು ಆ ಪಟ್ಟು.

1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳ ಕಂಡುಹಿಡಿದ. ಈಗಲೂ ಓಪನರಿನಲ್ಲಿ ಎತ್ತುತ್ತೇವಲ್ಲ, ಅದೇ. ಬರುಬರುತ್ತಾ ಯುರೋಪ್, ಅಮೆರಿಕದಲ್ಲಿ ಗೋಲಿ ಬಾಟಲಿ ಮೂಲೆ ಸೇರಿತು. ಜಪಾನಿನಲ್ಲಿ ರಾಮುನೆ ಅನ್ನೋ ಪಾನೀಯದ ಜೊತೆ ಉಳೀತು, ನಮ್ಮಲ್ಲಿ ಉಳೀತು. ನಾವು ಹಿಂದುಳಿದಿದ್ದೆವು ಅಂತ ಉಳಿದದ್ದಲ್ಲ. ತಗಡಿನ ಮುಚ್ಚಳ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು, ಹಾಕೋಕೆ ಇನ್ನೊಂದು ಯಂತ್ರ ಬೇಕು. ಗೋಲಿ ಹಾಗಲ್ಲ, ಬಾಟಲಿ ಜೊತೆಗೇ ಹುಟ್ಟಿ ಬಾಟಲಿ ಜೊತೆಗೇ ಬಾಳುತ್ತೆ. ಸಣ್ಣ ಬಂಡವಾಳದವನಿಗೆ ಇದಕ್ಕಿಂತ ಒಳ್ಳೆಯ ಲೆಕ್ಕಾಚಾರ ಇತ್ತಾ ಹೇಳಿ.

ಆದರೆ ಒಂದು ತೊಡಕು. ಒಳಗಿನ ಸೋಡಾಗಿಂತ ಬಾಟಲಿಗೇ ಬೆಲೆ ಜಾಸ್ತಿ. ಬಾಟಲಿ ವಾಪಸ್ ಬರದಿದ್ದರೆ ಸೋಡಾದವನು ಮುಳುಗಿದ. ಹಾಗಾಗಿ ಬೆಳಿಗ್ಗೆ ಸೈಕಲ್ಲೋ ಗಾಡಿಯೋ ತುಂಬಿಸಿಕೊಂಡು ಹೊರಟವನು ಸಂಜೆಯೊಳಗೆ ಖಾಲಿ ಬಾಟಲಿ ಹೊತ್ತು ಮರಳುವಷ್ಟು ದೂರವೇ ಅವನ ಸೀಮೆ. ಆ ಗಡಿಯಾಚೆ ಇನ್ನೊಬ್ಬನ ಸೋಡಾ, ಇನ್ನೊಂದು ಬಾವಿ ನೀರು, ಇನ್ನೊಂದು ರುಚಿ. ತಾಲ್ಲೂಕಿಗೊಂದು ಸೋಡಾ ಇದ್ದದ್ದು ಯಾಕೆ ಅಂತ ಕೇಳಿದರೆ ಜನ ಅಭಿಮಾನ ಅಂತಾರೆ, ಸಂಪ್ರದಾಯ ಅಂತಾರೆ. ನಾನು ಹೇಳೋದು, ಖಾಲಿ ಬಾಟಲಿ ಮನೆಗೆ ಮರಳುವ ದೂರವೇ ಅದನ್ನು ತೀರ್ಮಾನ ಮಾಡಿತು. ಅಭಿಮಾನ ಆಮೇಲೆ ಬೆಳೀತು.

ಇನ್ನೊಂದು ನೋಡಿ. ಬಾಟಲಿ ಕೊಂಡೊಯ್ಯುವ ಹಾಗಿಲ್ಲ, ಅಂಗಡಿ ಮುಂದೆ ನಿಂತೇ ಕುಡೀಬೇಕು. ಗುರುತಿನವರಾದರೆ ಮನೆಗೆ ಕೊಟ್ಟಾರು, ಇಲ್ಲದಿದ್ದರೆ ಮುಂಗಡ ಇಟ್ಟು ಹೋಗಬೇಕು. ಸಂತೆ ಮುಗಿಸಿ ಬಂದವರು, ಕೋರ್ಟಿನಲ್ಲಿ ಕೇಸು ಮುಂದಕ್ಕೆ ಹೋದವರು, ಬಸ್ಸು ತಪ್ಪಿದವರು, ಎಲ್ಲರೂ ಅಲ್ಲಿ ನಿಂತು ಮಾತಾಡಿದವರೇ. ನನ್ನ ತಂದೆ ಊರಿನ ಅರ್ಧ ಸಮಾಚಾರ ತರುತ್ತಿದ್ದದ್ದು ಸೋಡಾ ಅಂಗಡಿಯಿಂದ. ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ನೊರೆ ಉಕ್ಕಿ ಇಳಿಯುವಷ್ಟು ಹೊತ್ತಿನಲ್ಲಿ ಎರಡು ಮದುವೆ ಮಾತುಕತೆ ಗೊತ್ತಾಗಿರುತ್ತಿತ್ತು.

ಆದರೆ ಸೋಡಾ ತುಂಬುವ ಕೆಲಸ ಸುಲಭದ್ದಲ್ಲ. ನೀರು ಬೆಚ್ಚಗಾದಷ್ಟೂ ಗ್ಯಾಸ್ ಕಮ್ಮಿ ಹಿಡಿಯುತ್ತೆ. ಒಂದೇ ಒತ್ತಡದಲ್ಲಿ, ಹಿಮದಷ್ಟು ತಣ್ಣಗಿನ ನೀರು ಹೀರುವುದರ ಅರ್ಧದಷ್ಟನ್ನೂ 30 ಡಿಗ್ರಿಯ ನೀರು ಹೀರೋದಿಲ್ಲ. ವಿರುದುನಗರದಂಥ ಊರಿನಲ್ಲಿ ಸೋಡಾ ಚುರುಕಾಗಿರಬೇಕಾದರೆ ಒತ್ತಡ ಏರಿಸಲೇಬೇಕು. ಏರಿಸಿದರೆ, ಗಾಜಿನಲ್ಲೊಂದು ಸಣ್ಣ ಬಿರುಕಿದ್ದರೂ ಬಾಟಲಿ ಸಿಡಿಯಿತು. ಆ ಕಬ್ಬಿಣದ ಪಂಜರ ಇರೋದೇ ಅದಕ್ಕೆ. ಆ ಯಂತ್ರ ತಿರುಗಿಸಿದ ಕೈಗಳ ಮೇಲೆ ಗಾಜಿನ ಗಾಯದ ಗುರುತುಗಳಿರುತ್ತಿದ್ದವು. ಆ ದುಡಿಮೆಯನ್ನ ನಾವು ಯಾರೂ ನೆನೆಯಲಿಲ್ಲ ಅನ್ನೋದು ನನಗೆ ಈಗಲೂ ಬೇಸರ.

ಕಾಳಿಮಾರ್ಕಿಗೆ ಬರ್ತೀನಿ. ಸೀಮೆ ದಾಟೋಕಾಗದ ಈ ವ್ಯಾಪಾರದಲ್ಲಿ ಅವರು ಬೆಳೆದದ್ದು ಹೇಗೆ ಅಂದರೆ, ಸೋಡಾವನ್ನು ದೂರ ಕಳಿಸಲಿಲ್ಲ, ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಊರಿಗೆ ಹೋಗಿ ಅಲ್ಲೇ ಕಾರ್ಖಾನೆ ನಡೆಸಿದರು. ಆಲದ ಮರ ಬಿಳಲು ಬಿಟ್ಟು ಹಬ್ಬಿದ ಹಾಗೆ. 1950ರ ದಶಕದ ಕೊನೆಗೆ ಬೊವೊಂಟೊ ಬಂತು. ಪನ್ನೀರ್ ಸೋಡಾ ಕೂಡ ಉಂಟು ಅವರದು, ಗುಲಾಬಿ ಪರಿಮಳದ್ದು. ಹಬ್ಬದೂಟ ಆದಮೇಲೆ ಅದನ್ನು ಕುಡಿದು ನೋಡಬೇಕು ನೀವು.

1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋಯಿತಲ್ಲ, ಆಗ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಆಮೇಲಿನ ಹತ್ತಕ್ಕೂ ಹೆಚ್ಚು ವರ್ಷ ದೇಶಿ ಪಾನೀಯಗಳ ಕಾಲ. 1993ರಲ್ಲಿ ಕೋಕ್ ಮರಳಿ ಬಂತು, ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲ ಕೊಂಡುಕೊಂಡಿತು. ಗೋಲ್ಡ್ ಸ್ಪಾಟ್ ಏನಾಯ್ತು? ಹೋಯ್ತು. ಅಂಗಡಿಗೆ ಪುಕ್ಕಟೆ ಫ್ರಿಜ್ ಬಂತು, ಬಣ್ಣದ ಬೋರ್ಡ್ ಬಂತು, ಜಾಹೀರಾತಿನಲ್ಲಿ ಸಿನಿಮಾ ನಟರು ಬಂದರು. ಊರೂರಿನ ಸೋಡಾದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಕಾಳಿಮಾರ್ಕ್ ಮಾರಿಕೊಳ್ಳಲಿಲ್ಲ, ಅದೇ ನನಗೆ ದೊಡ್ಡದು. 2017ರಲ್ಲಿ ಜಲ್ಲಿಕಟ್ಟು ಚಳವಳಿಯ ಬೆನ್ನಿಗೆ ತಮಿಳುನಾಡಿನ ವ್ಯಾಪಾರಿ ಸಂಘಗಳು ಮಾರ್ಚ್ 1ರಿಂದ ಕೋಕ್, ಪೆಪ್ಸಿ ಮಾರಲ್ಲ ಅಂದಾಗ ಜನ ಕೇಳಿದ್ದು ಇದೇ ಬೊವೊಂಟೊನ. ಅದೇ ವರ್ಷ ಜುಲೈಯಲ್ಲಿ ಜಿಎಸ್‌ಟಿ ಬಂತು. ಆಗ ಸಿಹಿ ಗ್ಯಾಸ್ ಪಾನೀಯಕ್ಕೆ ಶೇಕಡಾ 28 ತೆರಿಗೆ, ಮೇಲೆ ಶೇಕಡಾ 12 ಸೆಸ್ ಹಾಕಿದರು. ಜಗತ್ತಿಗೆಲ್ಲ ಮಾರುವವನಿಗೂ ಒಂದು ಜಿಲ್ಲೆಗೆ ಮಾರುವವನಿಗೂ ಒಂದೇ ದರ ಹಾಕುವುದು ನ್ಯಾಯ ಅಂತ ನನಗೆ ಅನಿಸಲ್ಲ.

ನಮ್ಮ ಕಡೆ ಯಾರೂ ಇಲ್ಲವಾ ಅಂತೀರಾ? ಪುತ್ತೂರಿನ ಬಿಂದು ಮರೆತಿರಾ! ಸತ್ಯಶಂಕರ್ ಅವರು ಪುರೋಹಿತರ ಮನೆಯಲ್ಲಿ ಹುಟ್ಟಿ, ಸಾಲ ಮಾಡಿ ಆಟೋ ಕೊಂಡು ಓಡಿಸಿ, ಬಿಡಿಭಾಗದ ಅಂಗಡಿ ಇಟ್ಟು, ವಾಹನ ಸಾಲದ ವ್ಯವಹಾರ ನಡೆಸಿ, 2000ದಲ್ಲಿ ಬಿಂದು ನೀರು ಶುರು ಮಾಡಿದರು. 2002ರಲ್ಲಿ ಜೀರಿಗೆ ಸೋಡಾ ಬಂತು. ಕರಾವಳಿಯಲ್ಲಿ ಜೀರಿಗೆ ಕುದಿಸಿದ ನೀರು ಮನೆಮನೆಯಲ್ಲೂ ಇರುವಂಥದ್ದು, ಊಟ ಹೆಚ್ಚಾದರೆ ಮೊದಲು ನೆನಪಾಗೋದೇ ಅದು. ಆ ರುಚಿಯನ್ನೇ ಗ್ಯಾಸಿಗೆ ಸೇರಿಸಿದರೆ ದೊಡ್ಡ ಕಂಪನಿಗಳು ಬಂದು ತಡೆಯೋದು ಹೇಗೆ? ಅವರ ಹತ್ತಿರ ಆ ನಾಲಗೆಯೇ ಇರಲಿಲ್ಲ.

ಬಿಂದು ಹುಟ್ಟಿದ್ದು ಪ್ಲಾಸ್ಟಿಕ್ ಬಾಟಲಿಯ ಕಾಲದಲ್ಲಿ. ಕಾಳಿಮಾರ್ಕ್ ಕೂಡ ಪ್ಲಾಸ್ಟಿಕ್ಕಿಗೆ ಇಳಿಯಿತು, ಇಳಿಯದೆ ದಾರಿ ಇರಲಿಲ್ಲ. ಬಾಟಲಿ ವಾಪಸ್ ಬರಬೇಕಾಗಿಲ್ಲ ಅಂದಮೇಲೆ ಪುತ್ತೂರಿನ ಸೋಡಾ ಎಲ್ಲಿಗೆ ಬೇಕಾದರೂ ಹೋಗಬಹುದು. ತಾಲ್ಲೂಕಿನ ಹುಡುಗನೊಬ್ಬ ಸೀಮೆ ದಾಟಿದ ಅಂತ ನನಗೆ ನಿಜವಾಗಿ ಸಂತೋಷ. ಆದರೆ ಅದೇ ಪ್ಲಾಸ್ಟಿಕ್, ಯಾರದ್ದೇ ಕಂಪನಿಯದಾಗಲಿ, ಮಳೆಗಾಲದಲ್ಲಿ ನಮ್ಮ ಬೀದಿ ಚರಂಡಿಗೆ ಅಡ್ಡ ಸಿಕ್ಕಿಕೊಳ್ಳೋದನ್ನ ನೀವೂ ನೋಡಿದ್ದೀರಿ. ಗಾಜಿನದ್ದಕ್ಕೆ ಒಬ್ಬ ಯಜಮಾನ ಇದ್ದ, ಹುಡುಕಿಕೊಂಡು ಬರುತ್ತಿದ್ದ. ಇದಕ್ಕೆ ಯಜಮಾನನೇ ಇಲ್ಲ. ಮುಂಗಡ ಪದ್ಧತಿಯನ್ನು ಸರ್ಕಾರವೇ ಪ್ಲಾಸ್ಟಿಕ್ಕಿಗೂ ತರಬೇಕು ಅನ್ನುವವನು ನಾನು. ಜರ್ಮನಿಯಲ್ಲಿ 2003ರಿಂದ ಬಿಸಾಡುವ ಬಾಟಲಿಗೂ ಡಬ್ಬಕ್ಕೂ ಮುಂಗಡ ಇದೆ, ಜನ ಚೀಲ ತುಂಬಿಸಿಕೊಂಡು ಅಂಗಡಿಗೆ ಹಿಂದಿರುಗಿಸುತ್ತಾರೆ. ಅವರಿಗೆ ಆಗೋದು, ನೂರು ವರ್ಷ ಬಾಟಲಿ ಹಿಂದಿರುಗಿಸಿ ಪಳಗಿದ ನಮಗೆ ಆಗಲ್ವಾ?

ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ಇನ್ನೂ ಗೋಲಿ ಸೋಡಾ ತುಂಬುತ್ತಾರೆ, ನಿಮಗೆ ಗೊತ್ತಾ? ಒಡೆದ ಬಾಟಲಿಗೆ ಬದಲಿ ಸಿಗೋದು ಕಷ್ಟ ಅಂತಿದ್ದರು, ರಬ್ಬರ್ ಉಂಗುರ ಕೂಡ ಮೊದಲಿನ ಹಾಗೆ ಸಿಗಲ್ಲವಂತೆ. ಸಂಜೆ ಐದರ ಮೇಲೆ ಬಿಸಿಲು ಇಳಿದರೆ ಹೋಗೋಣ, ನಿಮ್ಮ ಮಗನನ್ನೂ ಕರೀರಿ. ಗೋಲಿ ಒತ್ತೋದು ಅವನಿಗೆ ಬರುತ್ತಾ ನೋಡೋಣ.