ಅರ್ಧ ಮುದ್ದೆಯ ಲೆಕ್ಕ

ತೂಕ ಇಳಿಯಬೇಕಾದರೆ ಕಡಿಮೆ ತಿನ್ನಬೇಕು ಎಂಬುದು ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾರೂ ಒಪ್ಪುವುದಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟರೆ ಬೀದಿ ಮುಗಿಯುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ತಿಂಡಿ ಆಯಿತೇ ಎಂಬ ವಿಚಾರಣೆ ನಡೆದುಹೋಗುತ್ತದೆ. ಇಲ್ಲ ಎಂದರೆ "ಬನ್ನಿ, ಎರಡು ಇಡ್ಲಿ ತಿಂದ್ಕೊಂಡು ಹೋಗಿ." ಆಯಿತು ಎಂದರೆ "ಏನು ಮಾಡಿದ್ರು?" ಓಟ್ಸ್ ಎಂದು ನಾನು ಉತ್ತರ ಕೊಟ್ಟ ದಿನ ಎದುರುಮನೆಯ ಪಾಟಿ ನನ್ನ ಹೆಂಡತಿಯನ್ನು ಕಾಂಪೌಂಡಿನ ಹತ್ತಿರ ಕರೆದು, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಇಂಥ ಊರಲ್ಲಿದ್ದುಕೊಂಡೇ ನಾನು 92 ಕಿಲೋದಿಂದ 84ಕ್ಕೆ ಇಳಿದೆ. ಅಲ್ಲಿಗೆ ಬಂದು ತೂಕ ಕೂತುಬಿಟ್ಟಿತು. ರಾತ್ರಿಯ ಮುದ್ದೆ ಬಿಟ್ಟೆ. ಮಧ್ಯಾಹ್ನದ ಅನ್ನ ಒಂದು ಹಿಡಿಗೆ ಬಂತು. ಕಾಫಿಯ ಸಕ್ಕರೆ ಹೋಯಿತು, ಆಮೇಲೆ ಕಾಫಿಯೇ ಹೋಯಿತು. ತೂಕದ ಮುಳ್ಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮನೆಯಲ್ಲಿ ಏರುತ್ತಿದ್ದದ್ದು ನನ್ನ ಸಿಟ್ಟೊಂದೇ. ಕೊನೆಗೆ ಬೆಂಗಳೂರಿನ ಡಯಟಿಷಿಯನ್ ಮೇಡಂ ಬಳಿ ಹೋದೆ. ಅವರು ನನ್ನ ಊಟದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಸರ್, ನೀವು ಇನ್ನೂ ಸ್ವಲ್ಪ ಜಾಸ್ತಿ ತಿನ್ನಬೇಕು" ಎಂದರು. ಫೀಸು ಕೊಟ್ಟು ಇಂಥ ಮಾತು ಕೇಳುವ ಭಾಗ್ಯ ಎಷ್ಟು ಜನಕ್ಕೆ ಉಂಟು!

ಅವರು ಹೇಳಿದ ಕಾರಣ ಬೇರೆ ಊರಿನವರಿಗೆ ಕಷ್ಟವಾಗಬಹುದು, ಕೆಜಿಎಫ್‌ನವರಿಗೆ ಅಲ್ಲ. ನಮ್ಮ ಗಣಿಯಲ್ಲಿ ಒಳ್ಳೆಯ ಕಾಲದಲ್ಲಿ ಟನ್ನು ಅದಿರಿಗೆ 47 ಗ್ರಾಂ ಚಿನ್ನ ಬರುತ್ತಿತ್ತಂತೆ, ಕೊನೆಗಾಲಕ್ಕೆ 3 ಗ್ರಾಂ ಆಸುಪಾಸು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರೂ ಅಷ್ಟೇ. ವರಮಾನ ಬಿದ್ದಾಗ ಆಡಳಿತ ಏನು ಮಾಡುತ್ತದೆ? ಖರ್ಚಿಗೆ ಕತ್ತರಿ ಹಾಕುತ್ತದೆ. ಮೈಯೂ ಅದನ್ನೇ ಮಾಡುತ್ತದೆ. ಊಟ ಕಡಿಮೆಯಾಗಿ ಬಹಳ ದಿನವಾದರೆ ಒಳಗಿನ ಮ್ಯಾನೇಜರು ಥೈರಾಯ್ಡಿಗೆ ನಿಧಾನ ಎನ್ನುತ್ತಾನೆ, ಕೈಕಾಲಿನ ಬಿಸಿ ಇಳಿಸುತ್ತಾನೆ. ಕೂತಲ್ಲಿ ಕಾಲು ಕುಣಿಸುವ ಚಟ ತಾನಾಗಿ ನಿಲ್ಲುತ್ತದೆ. ಮಹಡಿ ಹತ್ತಿ ಹೇಳುವ ಮಾತನ್ನು ನಾವು ಕೆಳಗಿನಿಂದಲೇ ಕೂಗುತ್ತೇವೆ. ಸಾಲದ್ದಕ್ಕೆ, 84 ಕಿಲೋ ಮೈಯನ್ನು ಹೊತ್ತು ತಿರುಗಲು 92 ಕಿಲೋಗೆ ಬೇಕಿದ್ದಷ್ಟು ಇಂಧನ ಬೇಕಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಮೇಲೆ ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿತು. ಹಸಿದ ಮೈಯೂ ಹಾಗೇ ನೀರು ಹಿಡಿದಿಟ್ಟುಕೊಳ್ಳುತ್ತದೆಯಂತೆ. ಕೊಬ್ಬು ಕರಗಿದ್ದರೂ ನೀರು ಆ ಜಾಗದಲ್ಲಿ ಕೂತು, ತೂಕದ ಯಂತ್ರದ ಮುಂದೆ ನಮ್ಮ ಮಾನ ಕಳೆಯುತ್ತದೆ. ಈ ಗಣಿಯ ವಿವರಣೆ ನನ್ನದು. ಮೇಡಂ ಕೆಜಿಎಫ್ ಅನ್ನು ಸಿನಿಮಾದಲ್ಲಿ ಮಾತ್ರ ನೋಡಿದವರು.

ಉಪವಾಸದ ವಿಷಯದಲ್ಲಿ ನನಗಿಂತ ಪಾಡು ಪಟ್ಟವರೂ ಇದ್ದಾರೆ ಎಂಬುದೊಂದು ಸಮಾಧಾನ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟ. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಅವರ ತೂಕ ಹೆಚ್ಚುಕಮ್ಮಿ ಕಾಲು ಭಾಗ ಇಳಿಯಿತು. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು, ಪಾದಗಳು ನೀರು ತುಂಬಿ ಊದಿದವು. ನನ್ನ ಮನ ಕರಗಿಸಿದ ಸಂಗತಿ ಬೇರೆ: ಅವರಲ್ಲಿ ಕೆಲವರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರಂತೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹಿತಕಿದ ಬೇಳೆ ಸಾರಿನ ವಿಡಿಯೋ ನೋಡುವ ನನ್ನನ್ನು ಹೆಂಡತಿ ಇನ್ನೇನೋ ಅನುಮಾನಿಸಿದಾಗ, ಇದು ವಿಜ್ಞಾನಕ್ಕೆ ಗೊತ್ತಿರುವ ಲಕ್ಷಣ ಎಂದು ಧೈರ್ಯವಾಗಿ ಹೇಳಿದೆ.

ಮೇಡಂ ಅಪ್ಪಣೆ ಸರಳವಾಗಿತ್ತು. ವಾರವಾರ ದಿನದ ಊಟಕ್ಕೆ 150 ಕ್ಯಾಲರಿ ಸೇರಿಸುತ್ತ, ತೂಕ ಏರದೆ ಇಳಿಯದೆ ನಿಲ್ಲುವ ಮಟ್ಟಕ್ಕೆ ಬರಬೇಕು. ಅಲ್ಲಿ ಒಂದೆರಡು ವಾರ ಇದ್ದು, ಆಮೇಲೆ ಮತ್ತೆ ಕಡಿಮೆ ಮಾಡಬೇಕು. ನೂರು ಗ್ರಾಂ ರಾಗಿಹಿಟ್ಟಿಗೆ ಸುಮಾರು 320 ಕ್ಯಾಲರಿ. ಅಂದರೆ ನನಗೆ ಮಂಜೂರಾದದ್ದು ಅರ್ಧ ಮುದ್ದೆ.

ಕೋಲಾರ ಜಿಲ್ಲೆಯಲ್ಲಿ ಅರ್ಧ ಮುದ್ದೆ ಎಂಬ ವಸ್ತುವೇ ಇಲ್ಲ ಎಂಬುದು ಬೆಂಗಳೂರಿನವರಿಗೆ ಹೇಗೆ ಗೊತ್ತಾಗಬೇಕು? "ಮುದ್ದೆ ಮುರಿದು ಬಡಿಸೋಕೆ ಇದೇನು ಹೋಟ್ಲಾ?" ಎಂದಳು ಹೆಂಡತಿ. ಚಿಕ್ಕದಾಗಿ ಕಟ್ಟು ಎಂದೆ. ಚಿಕ್ಕ ಮುದ್ದೆ ಕಟ್ಟುವುದು ಮಕ್ಕಳಿಗೆ, ಐವತ್ತರ ಗಂಡಸಿಗೆ ಕಟ್ಟಿದರೆ ಅವಮಾನ ಎಂದು ಅಮ್ಮ ಒಳಗಿನಿಂದ ತೀರ್ಪು ಕೊಟ್ಟಳು. ಅಮ್ಮನ ಉತ್ಸಾಹವಂತೂ ಹೇಳತೀರದು. "ನಾನು ಮೊದ್ಲಿಂದ ಬಡ್ಕೋತಿರ್ಲಿಲ್ವೇನಪ್ಪಾ? ಹೊಟ್ಟೆ ತುಂಬ ಉಂಡ್ರೆ ತಾನೇ ಮೈ ಹಗುರಾಗೋದು! ಅದನ್ನ ಕೇಳೋಕೆ ಅಷ್ಟು ದುಡ್ಡು ಕೊಟ್ಟು ಬೆಂಗಳೂರಿಗೆ ಹೋಗ್ಬೇಕಿತ್ತಾ?"

ಮುದ್ದೆಯೂ ಒಂಟಿಯಾಗಿ ಬರುವ ಜಾತಿಯಲ್ಲ. ಬಸ್ಸಾರು ಬರುತ್ತದೆ, ಪಲ್ಯ ಬರುತ್ತದೆ, ಮೇಲೆ ಅಮ್ಮನ ಕೈಯಿಂದ ಒಂದು ಚಮಚ ತುಪ್ಪ ಜಾರುತ್ತದೆ. ಪಿಷ್ಟಕ್ಕೆ ಗ್ರಾಮಿಗೆ 4 ಕ್ಯಾಲರಿಯಾದರೆ ಕೊಬ್ಬಿಗೆ 9. ಒಂದು ದೊಡ್ಡ ಚಮಚ ತುಪ್ಪ ಎಂದರೆ ಇನ್ನೊಂದು ಅರ್ಧ ಮುದ್ದೆಯ ಹತ್ತಿರ ಹತ್ತಿರ. ಇದನ್ನು ವಿವರಿಸಿದಾಗ ಅಮ್ಮ, "ತುಪ್ಪ ಜೀರ್ಣಕ್ಕೆ ಹಾಕಿದ್ದು, ಅದನ್ನ ಲೆಕ್ಕಕ್ಕೆ ತಗೋಬಾರ್ದು" ಎಂದಳು. ತೂಕ ನಿಂತಿದೆ ಎಂದು ಗೋಳಾಡುವವರಲ್ಲಿ ಬಹಳ ಮಂದಿ ತಿಂದದ್ದನ್ನೆಲ್ಲ ಬರೆದಿರುವುದಿಲ್ಲ ಎಂದು ಮೇಡಂ ಎಚ್ಚರಿಸಿದ್ದರು. ನನ್ನದು ಆ ಜಾತಿಯಲ್ಲ. ತಟ್ಟೆಗೆ ಬಿದ್ದದ್ದನ್ನೆಲ್ಲ ನಾನು ಬರೆಯುತ್ತೇನೆ. ನಿಪ್ಪಟ್ಟು ಬಾಣಲೆಯಿಂದ ನೇರ ಬಾಯಿಗೆ ಬಂದರೆ ಅದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಜಾಸ್ತಿ ತಿಂದರೆ ಕೊಬ್ಬು ಕರಗುತ್ತದೆ ಎಂಬುದು ಸುಳ್ಳು, ಅದನ್ನು ಬಿಡಿಸಿ ಹೇಳಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮಾಡಿದ, 2017ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂದು ಸಾಗಿದ ದಪ್ಪ ಗಂಡಸರು, ಬಿಡುವಿಲ್ಲದೆ ಪಥ್ಯ ಮಾಡಿದವರಿಗಿಂತ ಹೆಚ್ಚು ತೂಕ ಕಳೆದುಕೊಂಡರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಿಡುವಿನಲ್ಲಿ ತಿನ್ನುವುದೂ ಅಳತೆಯ ಊಟವೇ, ಮದುವೆಮನೆ ಊಟವಲ್ಲ. ಸಿಗುವ ಲಾಭ ಇಷ್ಟು: ಮೈಗೆ ಚೈತನ್ಯ ಬರುತ್ತದೆ, ಓಡಾಟ ಹೆಚ್ಚುತ್ತದೆ, ಮನುಷ್ಯ ಮತ್ತೆ ಪಥ್ಯ ಹಿಡಿಯುವಷ್ಟು ಸೌಮ್ಯನಾಗುತ್ತಾನೆ. ನನಗೆ ಮೊದಲು ಅರ್ಧ ಕಿಲೋ ಏರಿತು. ಸ್ನಾಯುಗಳು ಪಿಷ್ಟವನ್ನು ನೀರಿನ ಜೊತೆಗೇ ಕೂಡಿಡುವುದರಿಂದ ಅದು ನೀರಿನ ಭಾರ, ಹೆದರಬೇಡಿ ಎಂದರು ಮೇಡಂ. ನಾನು ಹೆದರಲಿಲ್ಲ. ಉಣ್ಣುತ್ತಿರುವವನಿಗೆ ಹೆದರಿಕೆ ಕಡಿಮೆ. ಮತ್ತೆ ಪಥ್ಯಕ್ಕೆ ಬಿದ್ದ ಮೇಲೆ ಮುಳ್ಳು 83ರ ಕಡೆಗೆ ಕಣ್ಣು ಹಾಯಿಸಿತು.

ಆದರೆ ಸುದ್ದಿ ನನಗಿಂತ ವೇಗವಾಗಿ ಮಾರಿಕುಪ್ಪಂ ರೈಲು ಹತ್ತಿತ್ತು. ಬೆಂಗಳೂರಿಗೆ ದಿನಾ ಹೋಗಿ ಬರುವ ನಮ್ಮ ಬೋಗಿಯವರು ನನ್ನ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡರು. ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಇಸ್ಪೀಟಿನ ಎಲೆ ಹಂಚಿ ಆಗಿತ್ತು. ಮೊನ್ನೆ ಭಾನುವಾರ ಬಂಗಾರಪೇಟೆಯಲ್ಲಿ, ನೋಡಲು ಬರೀ ನೀರಿನಂತಿದ್ದು ನಾಲಿಗೆಗೆ ಬೆಂಕಿ ಹಚ್ಚುವ ಅಲ್ಲಿನ ಪಾನಿಪುರಿಯ ಗಾಡಿ ಮುಂದೆ, ನನಗಿಂತ ಇಪ್ಪತ್ತು ಕಿಲೋ ಹೆಚ್ಚಿರುವ ಬೋಗಿಯ ಗೆಳೆಯರೊಬ್ಬರು ಸಿಕ್ಕರು. ಒಂದು ಪ್ಲೇಟು ಮುಗಿಸಿ ಇನ್ನೊಂದಕ್ಕೆ ಕೈಯೊಡ್ಡಿದ್ದರು. ನನ್ನನ್ನು ಕಂಡು ಮುಖ ಅರಳಿತು. "ನಿಮ್ಮ ಮೆಥಡ್ಡೇ ಸಾರ್" ಎಂದರು, ಬಾಯಿ ತುಂಬಿಕೊಂಡು. "ಇನ್ನೂ ಇಳಿಯೋಕೆ ಶುರುವಾಗಿಲ್ಲ. ಸ್ವಲ್ಪ ಡೋಸ್ ಜಾಸ್ತಿ ಮಾಡ್ಬೇಕಾ?"