ಚಾಸಿಗೊಂದು ಬಾಲ

ತೆಂಗಿನ ಮಟ್ಟೆಗೆ ತೂಕವಿಲ್ಲ, ಗಾತ್ರ ಮಾತ್ರ. ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾರಿನ ಫ್ಯಾಕ್ಟರಿಗೆ ಮಟ್ಟೆ ಹೊಡೆಯುವ ನನ್ನ ಭಾವಮೈದ ತನ್ನ ಹಳೇ 407 ಗಾಡಿಯ ಚಾಸಿಗೆ ಹಿಂದೆ ಎರಡಡಿ ಬಾಲ ಸೇರಿಸಿ, ಹಿಂದಿನ ಎಕ್ಸೆಲನ್ನೂ ಒಂದಿಷ್ಟು ಹಿಂದಕ್ಕೆ ಸರಿಸಿಬಿಟ್ಟರೆ ಟ್ರಿಪ್ಪೇ ಉಳಿಯುತ್ತದೆಂದು ಲೆಕ್ಕ ಹಾಕಿದ. ಗ್ಯಾರೇಜಿನವರ ರೇಟು ಕೇಳಿ ಅವನ ಮುಖ ಬಾಡಿತು, ನನ್ನದು ಅರಳಿತು. ಹರಾಜಿನಲ್ಲಿ ಹಿಡಿದ ವೆಲ್ಡಿಂಗ್ ಮೆಷಿನ್ನೊಂದು ನಮ್ಮ ಪಂಪ್‌ಹೌಸಿನಲ್ಲಿ ನಿರುದ್ಯೋಗಿಯಾಗಿ ಕೂತಿತ್ತು. ಗೇಟು, ಬಕೆಟ್ಟಿನ ಹಿಡಿ, ಹೂಕುಂಡದ ಸ್ಟ್ಯಾಂಡು ಎಲ್ಲ ಮುಗಿದು, ಮನೆಯಲ್ಲಿ ಬೆಸೆಯಲು ಉಳಿದಿದ್ದ ಕಬ್ಬಿಣವೆಂದರೆ ನನ್ನವಳ ದೋಸೆಕಾವಲಿ ಒಂದೇ. ಅದನ್ನು ಅವಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ನಾನು ಪಿಯುಸಿಗೆ ಭೌತಶಾಸ್ತ್ರ ಹೇಳುವವನು. ರಷ್ಯಾದ ಸ್ಲಾವ್ಯಾನೊವ್ 1888ರಲ್ಲಿ ಲೋಹದ ಕಡ್ಡಿಯನ್ನೇ ಕರಗಿಸಿ ಬೆಸೆದದ್ದು, ಆಮೇಲೆ ಸ್ವೀಡನ್ನಿನ ಶೆಲ್‌ಬೆರ್ಗ್ ಆ ಕಡ್ಡಿಗೆ ಮದ್ದಿನ ಲೇಪ ಹಚ್ಚಿದ್ದು ಎಲ್ಲ ನನಗೆ ಬಾಯಿಪಾಠ. ಕಡ್ಡಿಯ ನಂಬರೂ ಗೊತ್ತು: 6013 ಅಂದರೆ ಚದರ ಇಂಚಿಗೆ 60,000 ಪೌಂಡಿನ ಎಳೆತ ತಡೆಯುತ್ತದೆ, 7018 ಅಂದರೆ 70,000. ಅಂಗಡಿಯವನು 6013 ತೆಗೆದಿಟ್ಟ. ಹತ್ತು ಸಾವಿರ ಪೌಂಡು ಕಡಿಮೆ ಕೊಳ್ಳಲು ಮನಸ್ಸು ಒಪ್ಪಲಿಲ್ಲ, 7018 ತಂದೆ. ಅದು ತೇವ ಹೀರಿದರೆ ಹೈಡ್ರೋಜನ್ ಬೆಸುಗೆಯೊಳಗೆ ಸೇರಿಕೊಂಡು, ಕೆಲಸ ಮುಗಿಸಿ ನಾವು ಮಲಗಿದ ಮೇಲೆ ನಿಧಾನವಾಗಿ ಬಿರುಕು ಬಿಡಿಸುತ್ತದೆ. ಅದಕ್ಕೇ ಓವನ್ನಿನಲ್ಲಿ ಮುನ್ನೂರು ಡಿಗ್ರಿಗೂ ಮೀರಿ ಕಾಯಿಸಬೇಕು. ನಾನು ಬಚ್ಚಲೊಲೆಯ ಬಿಸಿಬೂದಿಯಲ್ಲಿ ಹೂತಿಟ್ಟೆ.

ಪಂಪ್‌ಸೆಟ್ಟಿನ ತ್ರೀಫೇಸ್ ಆ ವಾರ ರಾತ್ರಿ ಪಾಳಿ. ಕತ್ತಲಲ್ಲಿ ವೆಲ್ಡಿಂಗ್ ಅಂದರೆ ಊರಿಗೆ ಬಯಲಾಟವಿದ್ದಂತೆ, ಜನ ಕಂಬಳಿ ಹೊದ್ದು ಬಂದು ಕೂತರು. ನಾನು ಮುಖವಾಡ ಇಳಿಸಿ, ಚಾಸಿಗೆ ಕಡ್ಡಿ ಗೀರಿದೆ. ಅಂಟಿಕೊಂಡಿತು.

ಆರ್ಕ್ ಹತ್ತಿದ್ದರೆ ಮಾತ್ರ ಆ ಕಪ್ಪುಗಾಜಿನಲ್ಲಿ ಲೋಕ ಕಾಣುತ್ತದೆ, ಹತ್ತದಿದ್ದರೆ ಅಮಾವಾಸ್ಯೆ. ಮುಖವಾಡ ಎತ್ತೋಣವೆಂದರೆ ಅದೇ ಗಳಿಗೆಯಲ್ಲಿ ಆರ್ಕ್ ಹತ್ತಿಬಿಟ್ಟರೆ? ರಾತ್ರಿಯಿಡೀ ಕಣ್ಣಿಗೆ ಮರಳು ಸುರಿದ ಹಾಗಾಗಿ, ಆಲೂಗಡ್ಡೆ ಬಿಲ್ಲೆ ಕಟ್ಟಿಕೊಂಡು ಮಲಗಬೇಕು. ಹೀಗಾಗಿ ನಾನು ಕುರುಡನಾಗಿಯೇ ಸೆಣಸಿದೆ. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ. ಗಾಡಿ ಪಟ್ಟಿಗಳ ಮೇಲೆ ಕುಲುಕಾಡಿತು, ಕಡ್ಡಿ ಜಪ್ಪಯ್ಯ ಅನ್ನಲಿಲ್ಲ. ಮೆಷಿನ್ನು ಘೂಂ ಎಂದು ಹೂಂಕರಿಸತೊಡಗಿತು. ತುದಿಗೂ ಕಬ್ಬಿಣಕ್ಕೂ ಕಡ್ಡಿಯ ದಪ್ಪದಷ್ಟು ಸಂದಿ ಇದ್ದರೆ ಇಪ್ಪತ್ತು ಚಿಲ್ಲರೆ ವೋಲ್ಟಿನ ಆರ್ಕ್, ಸಂದಿಯಿಲ್ಲದಿದ್ದರೆ ಶಾರ್ಟ್ ಸರ್ಕ್ಯೂಟು, ಕರೆಂಟಿನ ವರ್ಗಕ್ಕೆ ತಕ್ಕ ಬಿಸಿ. ಜೌಲ್ ಸಾಹೇಬನ ಈ ನಿಯಮ ನನ್ನ ಕೈಗವಸಿನೊಳಗೆ ಇಳಿಯುತ್ತಿತ್ತು. ಹೊರಗಿನಿಂದ ದನಿಗಳು: "ಕಡ್ಡಿ ಕೆಂಪಗಾತು ಕಣ್ಲಾ!" "ಮದ್ದು ಉದುರ್ತೈತೆ!" "ಮೇಷ್ಟ್ರು ಯಾಕಿಂಗೆ ನಡುಗ್ತಾವ್ರೆ?" ನಾನು ನಡುಗುತ್ತಿರಲಿಲ್ಲ, ಕಡ್ಡಿ ಅಲ್ಲಾಡಿಸುತ್ತಿದ್ದೆ. ಹಾಗೆಂದು ಕೂಗಿದೆ. ಮುಖವಾಡದೊಳಗಿನಿಂದ ಅದು ನರಳಿದ ಹಾಗೆ ಕೇಳಿಸಿರಬೇಕು. "ಕರೆಂಟ್ ಹಿಡ್ಕಂಡೈತೆ! ಯಾರೂ ಮುಟ್‌ಬ್ಯಾಡ್ರಿ, ಒಣಕಟ್ಟಿಗೆ ತಗಂಡು ಹೊಡೀರಿ!" ಈ ದನಿ ನನ್ನ ವಿದ್ಯಾರ್ಥಿಯದು. ಒಣಮರ ಅವಾಹಕವೆಂದು ಕಲಿಸಿದವನು ನಾನೇ. ಮರುಗಳಿಗೆ ಒಣಗಿದ ತೆಂಗಿನ ಹೆಡೆಮಟ್ಟೆಯೊಂದು ನನ್ನ ಮೊಣಕೈ ಮೇಲೆ ಬಿತ್ತು. ಕಡ್ಡಿ ಬಿಟ್ಟಿತು. ಹುಡುಗನ ಮುಖದಲ್ಲಿ ಪ್ರಾಣ ಉಳಿಸಿದವನ ವಿನಯವಿತ್ತು, ಬೈಯುವಂತೆಯೂ ಇರಲಿಲ್ಲ. ಕಡ್ಡಿ ಅಂಟಿದರೆ ಹೋಲ್ಡರಿನ ಹಿಡಿ ಒತ್ತಿ ಬಿಟ್ಟುಬಿಡಬೇಕು, ಅಷ್ಟೇ. ಇದನ್ನು ಹೊಡೆತ ಬಿದ್ದ ಮೇಲೆ ಕಂಬಳಿಯೊಳಗಿಂದ ಒಬ್ಬ ಮಹಾನುಭಾವ ಹೇಳಿದ. ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಆಮೇಲೆ ಬಾಲ ಅಂಟಿತು, ಎಕ್ಸೆಲ್ ಹೌಸಿಂಗಿನ ಮೇಲೆ ಹೊಸ ಪಟ್ಟಿ ಸೀಟುಗಳೂ ಕೂತವು. ಭಾವಮೈದ ಬಾಲದ ಮೇಲೆ ಕುಣಿದು "ಕಲ್ಲು ಕಲ್ಲು!" ಅಂದ. ಹುಡುಗ, "ಸಾ, ನಾಳೆ ಲೋಡಿನ ಮ್ಯಾಲೆ ನಮ್ಮವ್ವನೂ ಬತ್ತಾಳೆ" ಅಂದ.

ಮಟ್ಟೆ ಲೋಡಿನ ಮೇಲೆ ಹೆಣ್ಣಾಳುಗಳು ಕೂತು ಬರುವುದನ್ನು ನಾನು ದಿನಾ ನೋಡುತ್ತೇನೆ. ಅವರ ಕೆಳಗೆ ಯಾರ ಬೆಸುಗೆ ಇದೆಯೆಂದು ಕೇಳಿಕೊಂಡವನಲ್ಲ. "ಏನೂ ಆಗಲ್ಲ, ನಡೀತದೆ" ಅನ್ನುವವನು ಯಾವತ್ತೂ ಡ್ರೈವರ್ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ, ಲೋಡಿನ ಮೇಲಲ್ಲ. ಗಾಡಿಯ ಕೀಲಿಕೈ ಜೇಬಿಗಿಳಿಸಿಕೊಂಡು ಮನೆಗೆ ಬಂದೆ. ಭಾವಮೈದ ಬಾಗಿಲವರೆಗೂ ಬೈದುಕೊಂಡು ಬಂದ.

ಬೆಳಿಗ್ಗೆ ಪೇಟೆಯ ಮುದುಕ ವೆಲ್ಡರೊಬ್ಬನನ್ನು ಕರೆತಂದೆವು. ಚಿಪ್ಪಿಂಗ್ ಸುತ್ತಿಗೆಯಿಂದ ಕುಟ್ಟಿ, ಕಿವಿಗೊಟ್ಟು ಕೇಳಿದ. ಚಾಸಿಯ ಭಾರವನ್ನೆಲ್ಲ ಮೇಲಿನ, ಕೆಳಗಿನ ತುಟಿಗಳೇ ಹೊರುವುದಂತೆ. ಅಲ್ಲಿ ನೆಟ್ಟಗೆ ಅಡ್ಡಕೊಯ್ದು ಬೆಸೆದರೆ ‘ಇಲ್ಲಿ ಮುರಿ’ ಎಂದು ಗೆರೆ ಎಳೆದಂತೆ. ಓರೆಯಾಗಿ ಕೊಯ್ದು, ಒಳಗಿನಿಂದ ಪಟ್ಟಿ ಕೊಡಬೇಕಿತ್ತು. "ಅರ್ತ್ ಎಲ್ಲಿ ಕಚ್ಚಿಸಿದ್ರಿ?" ಅಂದ. ಹಿಂದಿನ ಚಕ್ರದ ಡ್ರಮ್ಮಿಗೆ ಅಂದೆ. "ಹಂಗಾದ್ರೆ ಬೇರಿಂಗೂ ಸುಟ್ಟೈತೆ." ಹೌಸಿಂಗು ಬಿಸಿಗೆ ಬಾಗಿದರೆ ಟೈರು ತಿನ್ನುತ್ತದೆ ಅಂದ. ನಮ್ಮ ಹಳೇ ಎಸಿ ಮೆಷಿನ್ನಿಗೆ 7018 ಒಗ್ಗುವುದಿಲ್ಲ, ಅದಕ್ಕೇ ಅಂಟಿದ್ದು ಅಂದ. ಕೊನೆಗೆ ಭಾವಮೈದನ ಕಡೆ ತಿರುಗಿ, "ಎಕ್ಸೆಲ್ ಹಿಂದಕ್ಕೆ ಹೋದ್ರೆ ಜಾಯಿಂಟ್ ಶಾಫ್ಟ್ ಉದ್ದ ಯಾರು ಮಾಡ್ತಾರೆ? ಆರ್‌ಟಿಓಗೆ ಏನು ಹೇಳ್ತೀರ?" ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆ ಹಳೇ ತಲೆಗೂ ಗೊತ್ತಿತ್ತು, ಗಾಡಿಯ ಮಾಲೀಕನಿಗೆ ಗೊತ್ತಿರಲಿಲ್ಲ.

ಬಾಲ ಕತ್ತರಿಸಿ, ಗಾಡಿಯನ್ನು ಕಂಪನಿಯಿಂದ ಬಂದಷ್ಟೇ ಉದ್ದಕ್ಕೆ ತಂದು ನಿಲ್ಲಿಸಿದರು. ಬಿಲ್ಲಿನಲ್ಲಿ ಬೇರಿಂಗಿಗಿಂತ ನನ್ನ ಬೆಸುಗೆ ಉಜ್ಜಿ ತೆಗೆದ ಗ್ರೈಂಡಿಂಗ್ ಕೂಲಿಯೇ ದೊಡ್ಡದು. ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಹಾಗೆ ಬಾಯಿಬಿಟ್ಟು ಅಂದೂಬಿಟ್ಟೆ. ಭಾವಮೈದ ಮರುಮಾತಾಡದೆ ಬಿಲ್ಲನ್ನು ಮಡಿಸಿ ನನ್ನ ಅಂಗಿ ಜೇಬಿಗೆ ತುರುಕಿದ.